ವಾರಕ್ಕೊಂದು ಬೆಟ್ಟ ಮಾಡುವ ದೊಡ್ಡಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಮೇಡಂ ಆಗಲೇ ಬೈಯಲು ಶುರುಮಾಡಿದ್ದಾರೆ.

“ನಿನಗೇನು ಬಂತು ರೋಗ? ನಿನ್ನೆ ಸಂಜೆ ಸರಿಯಾಗೇ ಇದ್ಯಲ್ಲ! ಈ ಕಡೆ ಇಳಿಜಾರು ಎಲ್ಲಿ ಹೋಯ್ತು?”

ಬೈಸಿಕೊಳ್ಳುತ್ತಿರುವುದು ಒಂದು ಬೆಟ್ಟ. ತಲೆತುಂಬ ಹಿಮ ಹೊತ್ತು, ಸೊಂಟದವರೆಗೆ ಹಸಿರುಟ್ಟು ಪರದೆಯ ಮೇಲೆ ನಿಂತಿದೆ. ಬೈಗುಳದಿಂದ ಅದಕ್ಕೇನೂ ಆದಂತಿಲ್ಲ. ಮೇಡಂ ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಮೇಲೆ ತಳ್ಳಿ, ಒಂದು ಸಂಖ್ಯೆ ಅಳಿಸಿ ಇನ್ನೊಂದನ್ನು ಒತ್ತುತ್ತಾರೆ. ಕಂಪ್ಯೂಟರಿನ ಫ್ಯಾನು ಗೊರಗೊರ ಎನ್ನುತ್ತದೆ. ಇದ್ದ ಬೆಟ್ಟ ಮಾಯವಾಗಿ, ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇನ್ನೊಂದು ಬೆಟ್ಟ ಇಳಿದುಬರುತ್ತದೆ. ಅದನ್ನೂ ಒಮ್ಮೆ ಕೆಕ್ಕರಿಸಿ ನೋಡಿ, ನನ್ನ ಕಡೆ ತಿರುಗದೆಯೇ ಹೇಳುತ್ತಾರೆ: “ನೀವು ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ. ಬರೆದು ಬರೆದು ಸಾಕಾಗಿದೆ, ಯಾರೂ ರಿಪೇರಿ ಮಾಡಲ್ಲ.”

ಇದು ಹೆಲಿಕಾಪ್ಟರಿನಲ್ಲಿ ಹೋಗಿ ಜನರನ್ನು ಕಾಪಾಡುವವರಿಗೆ ತರಬೇತಿ ಕೊಡುವ ಕೇಂದ್ರ. ನೆರೆ ಬಂದಾಗ, ಗುಡ್ಡ ಕುಸಿದಾಗ, ಚಾರಣಕ್ಕೆ ಹೋದವರು ಕಾಲು ಮುರಿದುಕೊಂಡು ಎಲ್ಲೋ ಸಿಕ್ಕಿಕೊಂಡಾಗ ಹೋಗಬೇಕಾದವರು ಇಲ್ಲಿ ಕಲಿಯುತ್ತಾರೆ. ನಿಜವಾದ ಹೆಲಿಕಾಪ್ಟರ್ ಹತ್ತುವ ಮೊದಲು ಅವರು ತಿಂಗಳುಗಟ್ಟಲೆ ಸಿಮ್ಯುಲೇಟರಿನಲ್ಲಿ ಕೂರಬೇಕು. ಅದೊಂದು ನೆಲ ಬಿಡದ ಹೆಲಿಕಾಪ್ಟರ್: ಸೀಟು, ಹಿಡಿಗೋಲು, ಅಲುಗಾಟ, ಸದ್ದು ಎಲ್ಲ ಇದ್ದು, ಕಿಟಕಿಗಳ ಜಾಗದಲ್ಲಿ ಪರದೆಗಳಿವೆ. ಆ ಪರದೆಗಳಾಚೆ ಕಾಣುವ ಬೆಟ್ಟ, ಕಣಿವೆ, ಕೆರೆ, ಬಂಡೆ ಎಲ್ಲವೂ ಹುಟ್ಟುವುದು ಕಟ್ಟಡದ ಹಿಂಬದಿಯ ಈ ಕೋಣೆಯಲ್ಲಿ. ಹಿಂದೆ ಇದು ಸಾಮಾನು ತುಂಬುವ ಕೋಣೆಯಾಗಿತ್ತಂತೆ. ಕಿಟಕಿಯ ಒಂದು ಬಾಗಿಲು ಮುಚ್ಚುವುದಿಲ್ಲ. ಹಳೆಯ ಪತ್ರಿಕೆಯನ್ನು ಮಡಚಿ ಸಂದಿಗೆ ಸಿಕ್ಕಿಸಿದ್ದಾರೆ. ನಮ್ಮ ಪತ್ರಿಕೆಯೇ. ನಾನು ಅದನ್ನು ನೋಡಿದ್ದನ್ನು ಅವರು ಓರೆಗಣ್ಣಿನಲ್ಲೇ ನೋಡಿದರು. “ಒಳ್ಳೆ ಗಟ್ಟಿ ಕಾಗದ ನಿಮ್ದು,” ಎಂದರು.

ಮೊದಲು ಇಲ್ಲಿ ನಿಜವಾದ ಭೂಪಟಗಳಿಂದಲೇ ಬೆಟ್ಟ ಮಾಡುತ್ತಿದ್ದರು. ಕಲಿಯುವವರು ಅವನ್ನು ಬಾಯಿಪಾಠ ಮಾಡಿಬಿಟ್ಟರು. ಈ ತಿರುವಾದ ಮೇಲೆ ಬಲಕ್ಕೆ, ಆ ಕೋಡುಗಲ್ಲಾದ ಮೇಲೆ ಎಡಕ್ಕೆ ಎಂದು ಕಣ್ಣು ಮುಚ್ಚಿ ಹಾರಿಸತೊಡಗಿದರು. ಗುರುತಿಲ್ಲದ ಜಾಗದಲ್ಲಿ ಬುದ್ಧಿ ಓಡಿಸುವುದನ್ನು ಕಲಿಯಲಿ ಎಂದರೆ ಯಾರೂ ಕಂಡಿರದ ನೆಲವೇ ಬೇಕು. ಅದೂ ವಾರಕ್ಕೊಂದು. ಪರೀಕ್ಷೆಯ ವಾರವಾದರೆ ನಾಲ್ಕೈದು.

ಆ ನೆಲ ಬರುವುದು ಫ್ರ್ಯಾಕ್ಟಲ್‌ನಿಂದ. ಅದೇನೆಂದು ಕೇಳಿದರೆ ಮೇಡಂ ಮೊದಲು ಒಂದು ನಿಟ್ಟುಸಿರು ಬಿಡುತ್ತಾರೆ. ಎಷ್ಟು ಜನರಿಗೆ ಹೇಳಿ ದಣಿದಿದ್ದಾರೋ.

“ಒಂದು ಚಿಕ್ಕ ಲೆಕ್ಕ ಇರತ್ತೆ. ಉತ್ತರ ಬಂದ ಮೇಲೆ ಅದನ್ನೇ ತಗೊಂಡು ಮತ್ತೆ ಅದೇ ಲೆಕ್ಕಕ್ಕೆ ಹಾಕೋದು. ಮತ್ತೆ ಬಂದದ್ದನ್ನ ಮತ್ತೆ ಹಾಕೋದು. ಹಾಕ್ತಾ ಹಾಕ್ತಾ ಸಂಖ್ಯೆ ದೊಡ್ಡದಾಗಿ ಒಂದು ಹೊತ್ತಲ್ಲಿ, ನಾವು ಹಾಕಿದ ಮಿತಿಯ ಬೇಲಿ ಹಾರಿ ಓಡಿಹೋಗತ್ತೆ. ಎಷ್ಟು ಸಲ ಹಾಕಿದ ಮೇಲೆ ಓಡ್ತು ಅಂತ ಎಣಿಸ್ಕೊಳ್ಳೋದು. ಒಂದೊಂದು ಚುಕ್ಕೆಗೂ ಹಾಗೆ ಎಣಿಸಿ ಬಣ್ಣ ಹಚ್ಚಿದ್ರೆ ಚಿತ್ರ ಆಗತ್ತೆ. ಹತ್ತಿರ ಹೋದಷ್ಟೂ ಅಂಚಿನೊಳಗೆ ಇನ್ನೊಂದು ಅಂಚು, ಅದರೊಳಗೆ ಮತ್ತೊಂದು, ಮುಗಿಯೋದೇ ಇಲ್ಲ. ನಾನು ಬಣ್ಣ ಹಚ್ಚೋ ಬದಲು ಎಣಿಕೆ ಎಷ್ಟೋ ಅಷ್ಟೆತ್ತರಕ್ಕೆ ಚುಕ್ಕೆನ ಎಬ್ಬಿಸ್ತೀನಿ. ಕಂಬ ನೆಟ್ಟ ಹಾಗೆ. ಕಂಬಗಳ ಮೇಲೆ ಬಟ್ಟೆ ಹೊದಿಸಿದ್ರೆ ಬೆಟ್ಟ. ಅಷ್ಟೇರಿ. ಅದಕ್ಯಾಕೆ ಎಲ್ರೂ ಬಾಯಿ ಬಿಟ್ಕೊಂಡು ಕೂತ್ಕೋತೀರಿ?”

ನಾನು ಬಾಯಿ ಮುಚ್ಚಿದೆ. ಒಂದು ನೆಲಕ್ಕೆ ನಾಲ್ಕು ಸಾವಿರ ಸಾಲು, ಒಂದೊಂದು ಸಾಲಿನಲ್ಲಿ ನಾಲ್ಕು ಸಾವಿರ ಚುಕ್ಕೆ. ಎಣಿಸುವುದು ಕಂಪ್ಯೂಟರ್, ನೋಡಿ ತಿದ್ದುವುದು ಇವರು.

ಹೊದಿಸುವ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಇಪ್ಪತ್ತರ ಹರೆಯದಿಂದ ಅವರು ಒಂದು ಬಟ್ಟೆ ಗಿರಣಿಯ ವಿನ್ಯಾಸ ವಿಭಾಗದಲ್ಲಿದ್ದರು. ಸೀರೆ, ಪರದೆ, ಹಾಸಿಗೆಯ ಹೊದಿಕೆಗೆ ಹೂ ಬಳ್ಳಿ ಬರೆಯುವ ಕೆಲಸ. ಕಂಪ್ಯೂಟರ್ ಬಂದ ಮೇಲೆ ಫ್ರ್ಯಾಕ್ಟಲ್ ವಿನ್ಯಾಸ ಮಾಡತೊಡಗಿದರು. ಮಾಲೀಕರಿಗೆ ಅದು ಹಿಡಿಸಲಿಲ್ಲ. “ನೋಡಿದ್ರೆ ತಲೆ ತಿರುಗತ್ತೆ, ಇದನ್ನ ಹೊದ್ದು ಮಲಗೋರು ಯಾರು ಅಂದ್ರು. ತಪ್ಪೇನಿಲ್ಲ ಬಿಡಿ, ನಾನೂ ಹೊದೀತಿರ್ಲಿಲ್ಲ.” ಗಿರಣಿ ಮುಚ್ಚಿದಾಗ ಅವರ ಬಳಿ ಉಳಿದದ್ದು ಯಾರಿಗೂ ಬೇಡದ ಆ ವಿನ್ಯಾಸಗಳು. ಒಂದು ದಿನ ಬೇಸರಕ್ಕೆ ಕಪ್ಪು ಇದ್ದಲ್ಲಿ ತಗ್ಗು, ಬಿಳಿ ಇದ್ದಲ್ಲಿ ಎತ್ತರ ಎಂದು ಮಾಡಿ ನೋಡಿದರು. ಪರದೆಯ ತುಂಬ ಒಂದು ಬೆಟ್ಟಸಾಲು ಎದ್ದು ನಿಂತಿತು. ಅದೇ ಅವರನ್ನು ಈ ಕೇಂದ್ರಕ್ಕೆ ಕರೆತಂದಿತು. ಬಟ್ಟೆಯ ಎತ್ವ ಒಂದಕ್ಷರ ಹಿಂದಕ್ಕೆ ಸರಿದರೆ ಬೆಟ್ಟ ಎಂದು ನಾನು ಜಾಣತನ ತೋರಿಸಿದೆ. “ಅದನ್ನ ಬರೀಬೇಡಿ,” ಎಂದರು. ಬರೆದಿದ್ದೇನೆ.

ಕೆಲಸದ ಕಷ್ಟ ಏನೆಂದು ಕೇಳಿದರೆ ಒಂದೇ ಉತ್ತರ: ಕ್ಯಾಪ್ಟನ್. ಕ್ಯಾಪ್ಟನ್ ಎಂದರೆ ಕೇಂದ್ರದ ಮುಖ್ಯ ತರಬೇತುದಾರರು; ನಿವೃತ್ತ ಪೈಲಟ್, ಬಿಳಿ ಮೀಸೆ, ಜೋರು ದನಿ. ಅವರ ಕಣ್ಣಿಗೆ ಯಾವ ಬೆಟ್ಟವೂ ಹಿಡಿಸುವುದಿಲ್ಲ.

“ಮೊದಲನೇದು ತೋರಿಸ್ದಾಗ, ‘ಇದೇನ್ರೀ, ಬೆಟ್ಟಕ್ಕೆ ಮೆಟ್ಟಿಲು ಕಟ್ಟಿದೀರ?’ ಅಂದ್ರು. ನಿಜವೇ. ಎಣಿಕೆ ಅಂದ್ಮೇಲೆ ಒಂದು, ಎರಡು, ಮೂರು ಅಂತ ಹಾರ್ತಾ ಹೋಗತ್ತೆ. ಮಧ್ಯದ ಕಾಲು ಮುಕ್ಕಾಲು ತುಂಬಿ ನುಣ್ಣಗೆ ಮಾಡಿದೆ. ‘ಇದೇನ್ರೀ, ದಿಂಬಿನ ಹಾಗಿದೆ’ ಅಂದ್ರು. ಸರಿ, ಏಣು, ಅಂದ್ರೆ ಬೆಟ್ಟದ ಬೆನ್ನಿನ ಅಂಚು, ಚೂಪು ಮಾಡಿದೆ. ‘ಕೆರೆ ಯಾಕೆ ಇಷ್ಟು ಚಪ್ಪಟೆ?’ ಅಂದ್ರು. ಕೆರೆ ಮತ್ತೆ ಹೇಗಿರತ್ತೆ ರೀ? ಅಲ್ಲಿ ಲೆಕ್ಕ ಓಡಿಹೋಗೋದೇ ಇಲ್ಲ, ಸುತ್ತುತ್ತಾನೇ ಇರತ್ತೆ. ಮುಗಿಯದ ಲೆಕ್ಕಕ್ಕೆ ಎತ್ತರ ಎಲ್ಲಿಂದ ತರ್ಲಿ? ನೀರು ತುಂಬಿಸ್ದೆ.”

ಪಕ್ಕದ ಕೋಣೆಯಿಂದಲೇ ಕ್ಯಾಪ್ಟನ್ ಕೂಗುತ್ತಾರೆ: “ಮೇಡಂ, ನನ್ನ ಮೇಲೆ ಚಾಡಿ ಹೇಳ್ತಿದೀರಾ?”

“ಹೌದು ಸರ್. ಇನ್ನೂ ಮುಗಿದಿಲ್ಲ.”

ಇಷ್ಟೇ ಆಗಿದ್ದರೆ ನಗುನಗುತ್ತಾ ಬರೆದು ಮುಗಿಸಬಹುದಿತ್ತು. ಆದರೆ ಕಳೆದ ವರ್ಷ ನಡೆದ ಒಂದು ವಿಷಯವನ್ನು ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರೆ, ಇವರೊಬ್ಬರನ್ನು ಬಿಟ್ಟು. ಕೆದಕಿ ಕೆದಕಿ ಕೇಳಿದ ಮೇಲೆ, ಮೌಸನ್ನು ಮೇಜಿನ ಮೇಲೆ ಕುಕ್ಕಿ, “ಸರಿ, ಬರ್ಕೊಳ್ಳಿ, ಆಮೇಲೆ ನನ್ನ ಕೆಲಸ ಮಾಡೋಕೆ ಬಿಡಿ,” ಎಂದು ಶುರುಮಾಡಿದರು.

ಮೇಡಂ ಮದುವೆಯಾಗಿಲ್ಲ. ತಂಗಿಯ ಮನೆಯಲ್ಲಿ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಇರುತ್ತಾರೆ. ತಂಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ತಂಗಿಗೆ ಒಬ್ಬಳೇ ಮಗಳು. ಗಂಡ ತೀರಿಕೊಂಡ ಮೇಲೆ ಅಕ್ಕತಂಗಿ ಇಬ್ಬರೂ ಸೇರಿ ಬೆಳೆಸಿದ ಹುಡುಗಿ. ಓದು ಮುಗಿಸಿದವಳು ಎಲ್ಲರೂ ಬೇಡಬೇಡವೆಂದರೂ ಕೇಳದೆ ಇದೇ ಕೇಂದ್ರಕ್ಕೆ ಬಂದು ಸೇರಿದಳು. ಕಲಿಯುವುದರಲ್ಲಿ ಚುರುಕು. ಆದರೆ ದೊಡ್ಡಮ್ಮ ಮಾಡಿದ ಬೆಟ್ಟಗಳ ಮಧ್ಯೆ ಹಾರಿಸಬೇಕಲ್ಲ, ಮನೆಯಲ್ಲಿ ದಿನವೂ ಅದೇ ಮಾತು.

“ಊಟಕ್ಕೆ ಕೂತ್ರೆ, ‘ದೊಡ್ಡಮ್ಮ, ಈ ವಾರದ ಕಣಿವೆ ಎಲ್ಲಿ ತಿರುಗತ್ತೆ, ಸ್ವಲ್ಪ ಹೇಳು’ ಅನ್ನೋಳು. ತಮಾಷೆಗೇ. ಆದ್ರೆ ಪರೀಕ್ಷೆ ಹತ್ತಿರ ಬಂದ ಹಾಗೆ ತಮಾಷೆ ಕಮ್ಮಿ ಆಗ್ತಾ ಬಂತು. ನಾನು ಬಾಯೇ ಬಿಡ್ಲಿಲ್ಲ. ನನ್ನ ತಂಗಿಗೆ ಸಿಟ್ಟು. ‘ಊರವರಿಗೆಲ್ಲ ಬೆಟ್ಟ ಮಾಡಿಕೊಡ್ತೀಯ, ಮನೆ ಮಗೂಗೆ ಒಂದು ದಾರಿ ತೋರಿಸೋಕ್ಕಾಗಲ್ವಾ ಅಕ್ಕ?’ ಅಂದ್ಲು.”

ಪರೀಕ್ಷೆಯ ದಿನ ಹುಡುಗಿ ಬಿದ್ದಳು. ಕಣಿವೆಯ ಕೊನೆಯಲ್ಲಿ ಗಾಯಗೊಂಡ ಇಬ್ಬರನ್ನು ಎತ್ತಿಕೊಂಡು ಬರಬೇಕಿತ್ತು. ಅರ್ಧ ದಾರಿಯಲ್ಲೇ, ಒಂದು ಏಣಿನ ಪಕ್ಕ, ಪರದೆಗಳೆಲ್ಲ ಕಪ್ಪಾದವು. ಹಾಗೆಂದರೆ ಹೆಲಿಕಾಪ್ಟರ್ ಡಿಕ್ಕಿ ಹೊಡೆಯಿತು ಎಂದು ಅರ್ಥ. ಮನೆಗೆ ಬಂದವಳು ಚೀಲ ಎಸೆದು ಕೂಗಾಡಿದಳು: “ಅಲ್ಲಿ ಏನೂ ಇರ್ಲಿಲ್ಲ ದೊಡ್ಡಮ್ಮ! ಖಾಲಿ ಗಾಳಿಗೆ ಡಿಕ್ಕಿ ಹೊಡೆದೆ!”

“ಬಿದ್ದೋರೆಲ್ಲ ಹಾಗೇ ಹೇಳ್ತಾರೆ. ನಾನೂ ಅದನ್ನೇ ಅಂದೆ. ಅವಳ ಮುಖ ನೋಡಿ ಅನ್ನಬಾರದಿತ್ತು ಅನ್ನಿಸ್ತು. ಆದ್ರೆ ಅಂದಾಗಿತ್ತು.”

ಆ ರಾತ್ರಿಯಿಂದ ತಂಗಿ ಮಾತು ಬಿಟ್ಟರು. ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಹೋಗುವುದು, ಅಷ್ಟೇ.

ಮಾರನೆಯ ದಿನ ಕೇಂದ್ರದ ಬಾಗಿಲ ಬಳಿ ಇನ್ನೊಬ್ಬ ಸಿಕ್ಕ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ, ಅಲ್ಲಿಂದ ತರಬೇತಿಗೆ ಬಂದಿದ್ದ ಮಿತಭಾಷಿ. ಅವನೂ ಅದೇ ಪರೀಕ್ಷೆಯಲ್ಲಿ ಬಿದ್ದಿದ್ದ. ಬಟ್ಟೆಬರೆ ಕಟ್ಟಿಕೊಂಡು ಹೊರಟು ನಿಂತಿದ್ದ. ಏನಾಯಿತೆಂದು ಮೇಡಂ ಸುಮ್ಮನೆ ಕೇಳಿದರು. ಅವನು ತಲೆ ಕೆರೆದುಕೊಂಡು, “ಗೊತ್ತಾಗ್ಲಿಲ್ಲ ಮೇಡಂ. ಗಾಳಿಗೇ ಬಡಿದ ಹಾಗಾಯ್ತು. ನನ್ನ ಗಮನ ಎಲ್ಲೋ ಇತ್ತೇನೋ,” ಎಂದ.

“ಅಲ್ಲೇ ನನಗೆ ಅನುಮಾನ ಬಂತು,” ಎನ್ನುತ್ತಾರೆ ಮೇಡಂ. “ನಮ್ಮ ಹುಡುಗಿ ಕೂಗಾಡಿದ್ದು ಬೇರೆ. ಇವನು ತನ್ನದೇ ತಪ್ಪು ಅಂತ ನಂಬಿ ಹೊರಟಿದ್ದ. ಇವತ್ತೊಂದು ದಿನ ಇರಪ್ಪ ಅಂತ ಅವನ ಚೀಲ ಕಿತ್ತು ನನ್ನ ಕೋಣೇಲಿ ಇಟ್ಕೊಂಡೆ.”

ಬಾಗಿಲು ಹಾಕಿಕೊಂಡು ಪರೀಕ್ಷೆಯ ಬೆಟ್ಟವನ್ನು ತೆರೆದರು. ಆ ಏಣಿನ ಸುತ್ತ ಚುಕ್ಕೆ ಚುಕ್ಕೆಯಾಗಿ ನೋಡುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಒಂದೇ ಒಂದು ಚುಕ್ಕೆ. ಫ್ರ್ಯಾಕ್ಟಲ್ಲಿನ ಅಂಚಿನಲ್ಲಿ ಎಣಿಕೆ ಹುಚ್ಚಾಪಟ್ಟೆ ಏರುತ್ತದೆ. ಪಕ್ಕದ ಚುಕ್ಕೆ ಮೊಣಕಾಲೆತ್ತರ ಇದ್ದರೆ ಇದು ಆಕಾಶಕ್ಕೆ. ಅಂಥ ಸೂಜಿಗಳನ್ನು ಸವರಿ ಹಾಕಲು ಇವರು ಒಂದು ವ್ಯವಸ್ಥೆ ಮಾಡಿದ್ದರು. ಆದರೆ ಬೆಟ್ಟ ದಿಂಬಿನಂತಿದೆ ಎಂದು ಕ್ಯಾಪ್ಟನ್ ರೇಗಿದ ಮೇಲೆ, ಏಣು ಚೂಪಾಗಿರಲಿ ಎಂದು, ಏಣಿನ ಹತ್ತಿರ ಸವರುವುದನ್ನು ನಿಲ್ಲಿಸಿದ್ದರು. ಸಿಮ್ಯುಲೇಟರ್ ಪರದೆಯ ಮೇಲೆ ಚಿತ್ರ ಬಿಡಿಸುವಾಗ ಕೆಲಸ ಹಗುರಾಗಲೆಂದು ಹಲವು ಚುಕ್ಕೆಗಳನ್ನು ಹಾರಿಸಿಬಿಡುತ್ತದೆ. ಡಿಕ್ಕಿಯಾಯಿತೇ ಎಂದು ನೋಡುವಾಗ ಮಾತ್ರ ಒಂದನ್ನೂ ಬಿಡುವುದಿಲ್ಲ. ಹಾಗಾಗಿ ಆ ಸೂಜಿ ಕಣ್ಣಿಗೆ ಬೀಳದೆ, ಹೆಲಿಕಾಪ್ಟರಿಗೆ ಮಾತ್ರ ತಾಗುತ್ತಿತ್ತು.

ಈಗ ಹೇಳಬೇಕಿತ್ತು. ಹೇಳಿದರೆ ತಂಗಿಯ ಮಗಳಿಗಾಗಿ ಹೇಳಿದಂತೆ. ಹೇಳದಿದ್ದರೆ ಚೀಲ ಕಳೆದುಕೊಂಡು ಬಾಗಿಲಲ್ಲಿ ಕೂತಿದ್ದವನ ಗತಿ?

ಕ್ಯಾಪ್ಟನ್ ಮೊದಲು ನಕ್ಕರಂತೆ. ಆಮೇಲೆ ಬಾಗಿಲು ಮುಚ್ಚಿದರು.

“‘ಮೇಡಂ, ಯಾರು ನಂಬ್ತಾರೆ? ಅವಳು ನಿಮ್ಮ ಮನೆ ಹುಡುಗಿ’ ಅಂದ್ರು. ನಂಬಬೇಡಿ, ಬಂದು ನೋಡಿ ಅಂದೆ. ಬಂದು ನೋಡಿದ್ರು. ನೋಡಿ ಆದ್ಮೇಲೆ, ‘ನಿಜವಾದ ಕಣಿವೇಲೂ ಕಾಣದ ತಂತಿ ಇರತ್ತೆ, ಒಣಗಿದ ಮರ ಇರತ್ತೆ. ಏಣಿಗೆ ಅಷ್ಟು ಹತ್ತಿರ ಹೋಗಿದ್ದೇ ತಪ್ಪು’ ಅಂದ್ರು. ಅದೂ ಸರಿಯಾದ ಮಾತೇ, ಅಲ್ಲ ಅನ್ನಲ್ಲ ನಾನು. ಆದ್ರೆ ಸರ್, ತಂತಿ ಇದ್ರೆ ಅದಕ್ಕೆ ಕಂಬ ಇರತ್ತೆ, ಒಣಗಿದ ಮರಕ್ಕೆ ನೆರಳಿರತ್ತೆ. ಹುಷಾರಾಗಿ ನೋಡಿದೋರಿಗೆ ಏನಾದ್ರೂ ಒಂದು ಕಾಣತ್ತೆ. ಇದು ಎಷ್ಟು ಹುಷಾರಾಗಿ ನೋಡಿದ್ರೂ ಕಾಣಲ್ಲ. ಇಲ್ಲದ್ದನ್ನ ನೋಡ್ಲಿಲ್ಲ ಅಂತ ಒಬ್ಬನ್ನ ಮನೆಗೆ ಕಳಿಸ್ತೀರಾ? ಅಂತ ಕೇಳಿದೆ.”

ಕ್ಯಾಪ್ಟನ್ ಮೀಸೆ ತಿರುವುತ್ತ ಕೂತರು. ನಡುವೆ ನನ್ನ ಬಳಿ ಅವರೇ ಬಂದು ಕತೆಯ ಈ ಭಾಗ ಸೇರಿಸಿದರು: “ನಾನು ಇಬ್ಬರಿಗೆ ಮಾತ್ರ ಮರುಪರೀಕ್ಷೆ ಅಂದೆ. ಈಯಮ್ಮ ಕೇಳ್ಬೇಕಲ್ಲ! ಎಲ್ಲರಿಗೂ ಮಾಡಿ, ಪಾಸಾದವರಿಗೂ ಮಾಡಿ, ಬೆಟ್ಟ ನೀವೇ ಆರಿಸಿ, ನನ್ನನ್ನ ಕೋಣೆಯಿಂದ ಆಚೆ ಹಾಕಿ. ಒಂದಾದ ಮೇಲೊಂದು ಹುಕುಂ. ಕೇಂದ್ರ ಯಾರದ್ದು ಅಂತ ನನಗೇ ಅನುಮಾನ ಬಂತು.”

ಮರುಪರೀಕ್ಷೆ ಎಂದ ಕೂಡಲೇ ಪಾಸಾದವರು ತಿರುಗಿಬಿದ್ದರು. ಬೆಟ್ಟದ ಮೇಡಂ ಕಂಡರೆ ಮುಖ ತಿರುಗಿಸತೊಡಗಿದರು. ಕಾರಿಡಾರಿನಲ್ಲಿ ಒಬ್ಬ ಅವರಿಗೆ ಕೇಳಿಸುವಂತೆಯೇ “ಸೂಜಿ ಅಂತೆ ಸೂಜಿ!” ಎಂದ. ಮನೆಯಲ್ಲಿ ಹುಡುಗಿಯೂ ಕೆಂಡವಾದಳು.

“‘ನಿನ್ನ ಯಾರು ಕೇಳಿದ್ರು ದೊಡ್ಡಮ್ಮ? ಇನ್ನು ನಾನು ಪಾಸಾದ್ರೂ ನಿನ್ನಿಂದ ಪಾಸಾದೆ ಅಂತಾರೆ!’ ಅಂದ್ಲು. ಅಲ್ಲ ಕಣೇ, ಬಿದ್ದಾಗ ಗಾಳಿಗೆ ಬಡಿದೆ ಅಂತ ಬೊಬ್ಬೆ ಹೊಡೆದವಳು ನೀನೇ. ಗಾಳಿ ಹುಡುಕಿಕೊಟ್ರೆ ಅದಕ್ಕೂ ಸಿಟ್ಟಾ? ಈ ಮನೇಲಿ ನಾನು ಏನು ಮಾಡಿದ್ರೆ ಸರಿ ಅಂತ ಒಂದು ಹಾಳೆ ಮೇಲೆ ಬರೆದು ಗೋಡೆಗೆ ಅಂಟಿಸಿ ಅಂದೆ.”

ಮರುಪರೀಕ್ಷೆಯ ದಿನ ಮೇಡಂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ತಂಗಿ ಆಸ್ಪತ್ರೆಯ ಕೆಲಸ ಮುಗಿಸಿ, ಸಮವಸ್ತ್ರದಲ್ಲೇ ಬಂದು ಅದೇ ಬೆಂಚಿನ ಆ ತುದಿಯಲ್ಲಿ ಕೂತರು. ಒಳಗಿನಿಂದ ಎಂಜಿನ್ನಿನ ಸದ್ದು ಬರುತ್ತಿತ್ತು. ಅಗ್ನಿಶಾಮಕದವನು ಮೊದಲು ಹೊರಬಂದ. ಮೇಡಂ ಕಡೆ ನೋಡಿ ಎರಡೂ ಕೈ ಜೋಡಿಸಿದ. “ಅಯ್ಯೋ, ಕೈ ಮುಗಿಯೋದೆಲ್ಲ ಬೇಡ, ನಿನ್ನ ಚೀಲ ನನ್ನ ಕೋಣೇಲಿ ಜಾಗ ತಿಂತಾ ಇದೆ, ತಗೊಂಡು ಹೋಗು,” ಎಂದು ಇವರು ಗದರಿದರು. ಅವನು ಪಾಸಾಗಿದ್ದ.

ಆಮೇಲೆ ಹುಡುಗಿ ಒಳಗೆ ಹೋದಳು. ಬಹಳ ಹೊತ್ತಾಯಿತು. ಒಳಗಿನ ಸದ್ದು ಒಮ್ಮೆಲೇ ನಿಂತಿತು. ಹೊರಬಂದವಳ ಹಣೆಯ ಮೇಲೆ ಬೆವರು, ಕೂದಲು ಮುಖಕ್ಕೆ ಅಂಟಿತ್ತು. ಅವಳಮ್ಮ ಎದ್ದು ನಿಂತರು.

“ಬಿದ್ದೆ,” ಎಂದಳು. ಅಮ್ಮನನ್ನು ದಾಟಿ ಬಂದು ದೊಡ್ಡಮ್ಮನ ಮುಂದೆ ನಿಂತಳು. “ಈ ಸಲ ಬಂಡೆ ಕಾಣಿಸ್ತು ದೊಡ್ಡಮ್ಮ. ಚೆನ್ನಾಗಿ ಕಾಣಿಸ್ತು. ಕಂಡೂ ತಿರುಗಿಸೋದು ತಡ ಮಾಡಿದೆ. ನಂದೇ ತಪ್ಪು.”

ಇದನ್ನು ಹೇಳುವಾಗ ಮೇಡಂ ಪರದೆ ಬಿಟ್ಟು ನನ್ನ ಕಡೆ ತಿರುಗಿದ್ದರು. ಬೆಳಗಿನಿಂದ ಅದೇ ಮೊದಲು.

“ಆವತ್ತು ಮನೆಗೆ ಹೋಗಿ ಅವಳು ಎರಡು ಸಲ ಬಡಿಸ್ಕೊಂಡು ತಿಂದ್ಲು. ವಾರದಿಂದ ಸರಿಯಾಗಿ ತಿಂದಿರ್ಲಿಲ್ಲ. ನಮ್ಮ ತಂಗಿ ಮಾತ್ರ, ‘ನಿನ್ನ ಬೆಟ್ಟಕ್ಕೆ ಬೆಂಕಿ ಬೀಳ್ಲಿ ಅಕ್ಕ’ ಅಂದ್ಲು. ಅಬ್ಬಾ, ಮಾತಾಡಿದ್ಲಲ್ಲ! ಅದೇ ಸಾಕಾಗಿತ್ತು ನನಗೆ.”

ಹುಡುಗಿ ಇನ್ನೊಂದು ಸುತ್ತು ತರಬೇತಿ ಮಾಡಿದಳು. ಆ ಸಲದ ಪರೀಕ್ಷೆಯ ಬೆಟ್ಟವನ್ನು ಬೇರೊಂದು ಕೇಂದ್ರದಿಂದ ತರಿಸಿದ್ದರು. ಪಾಸಾದಳು. ಈಗ ನಿಜವಾದ ಹೆಲಿಕಾಪ್ಟರಿನಲ್ಲಿ ಹೋಗುತ್ತಾಳೆ. ಕಳೆದ ಮಳೆಗಾಲದಲ್ಲಿ ಗುಡ್ಡ ಕುಸಿದಲ್ಲಿಂದ ಒಬ್ಬ ಅಜ್ಜಿಯನ್ನೂ ಅವರ ಮೊಮ್ಮಗುವನ್ನೂ ಎತ್ತಿಕೊಂಡು ಬಂದ ತಂಡದಲ್ಲಿ ಅವಳಿದ್ದಳು. ಅದು ಸುದ್ದಿಯಾಯಿತು, ಫೋಟೋ ಬಂತು. ಬೆಟ್ಟದ ಮೇಡಂ ಆ ಫೋಟೋ ನೋಡಿ ಏನೆಂದರು ಎಂದು ಕ್ಯಾಪ್ಟನ್ ನಗುತ್ತ ಹೇಳುತ್ತಾರೆ: “‘ಹಿಂದಿನ ಬೆಟ್ಟ ನೋಡಿ ಸರ್, ಎಷ್ಟು ದಿಂಬಿನ ಹಾಗಿದೆ!’”

ಈಗ ಏಣಿನ ಮೇಲೂ ಸೂಜಿ ಸವರುತ್ತಾರೆ. ಆದರೆ ಒಂದೊಂದಾಗಿ, ಕಣ್ಣಿಂದ ನೋಡಿ. ಅದಕ್ಕಾಗಿಯೇ ಬೆಳಕು ಹರಿಯುವ ಮೊದಲು ಬಂದು ಕೂರುವುದು. ಹೊತ್ತೇರಿದ ಮೇಲೆ ಸಿಮ್ಯುಲೇಟರ್ ಶುರುವಾಗಿ ಇವರ ಕಂಪ್ಯೂಟರ್ ತೆವಳತೊಡಗುತ್ತದೆ. ಹೊಸದೊಂದು ಬೇಕೆಂದು ಕೇಳಿ ಕೇಳಿ ಬಿಟ್ಟಿದ್ದಾರೆ. ಕುರ್ಚಿಯ ಕಾಲನ್ನೇ ಸರಿಮಾಡಿಸಲಾಗದವರು ಕಂಪ್ಯೂಟರ್ ಕೊಡಿಸುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಹೊರಡುವ ಮೊದಲು ಕ್ಯಾಪ್ಟನ್ ನನ್ನನ್ನು ಸಿಮ್ಯುಲೇಟರಿನಲ್ಲಿ ಕೂರಿಸಿದರು. ಬೆಳಿಗ್ಗೆ ಹುಟ್ಟಿದ್ದ ಬೆಟ್ಟವೇ ಎದುರಿಗಿತ್ತು. ಕೋಣೆಯ ಪರದೆಯ ಮೇಲೆ ಅಂಗೈಯಗಲ ಇದ್ದದ್ದು ಇಲ್ಲಿ ಮೂರೂ ಕಡೆಯಿಂದ ಮೈಮೇಲೆ ಬರುತ್ತಿತ್ತು. ಹಿಮದ ನೆರಳು ಕಣಿವೆಯೊಳಗೆ ಇಳಿದಿತ್ತು, ಆಳದಲ್ಲೆಲ್ಲೋ ಒಂದು ಕೆರೆ ಮಿನುಗಿತು. ಇದೆಲ್ಲ ಎಣಿಕೆ ಎಂದು ಗೊತ್ತಿದ್ದೂ ನಾನು ಸೀಟಿನಲ್ಲಿ ಹಿಂದಕ್ಕೆ ಸರಿದೆ. ಹಿಡಿಗೋಲನ್ನು ಎತ್ತ ಎಳೆದೆನೋ ತಿಳಿಯದು. ಬೆಟ್ಟ ಓರೆಯಾಯಿತು, ದೊಡ್ಡದಾಯಿತು, ಎಲ್ಲ ಕಪ್ಪಾಯಿತು.

ದೀಪ ಹತ್ತಿದಾಗ ಬಾಗಿಲಲ್ಲಿ ಮೇಡಂ ನಿಂತಿದ್ದರು. “ನೀವೂನಾ! ಅಷ್ಟು ದೊಡ್ಡ ಬೆಟ್ಟ ಕಾಣ್ಲಿಲ್ವಾ?”

ನಾನು ಹಿಡಿಗೋಲನ್ನು ಇನ್ನೂ ಬಿಟ್ಟಿರಲಿಲ್ಲ. ಅದನ್ನು ನೋಡಿ ಅವರ ದನಿ ಸ್ವಲ್ಪ ಇಳಿಯಿತು.

“ಹೆದರ್ಕೋಬೇಡಿ. ನನ್ನ ಬೆಟ್ಟದಲ್ಲಿ ದಿನಾ ಯಾರಾದ್ರೂ ಬೀಳ್ತಾನೇ ಇರ್ತಾರೆ. ಬಿದ್ದೋರು ಎದ್ದು, ನನ್ನನ್ನ ಬೈಕೊಂಡು, ಟೀ ಕುಡಿಯೋಕೆ ಹೋಗ್ತಾರೆ. ಅದಕ್ಕೇ ತಾನೇ ನಾನು ಮಾಡೋದು?”